ಕರೆಂಟು ಕೊಟ್ಟ ಕೈ

ಮೊನ್ನೆ ಮಂಡ್ಯದಲ್ಲಿ ನನ್ನ ಶಿಷ್ಯೆಯ ಶಿಷ್ಯೆಯೊಬ್ಬಳು ನೋವಿನ ಚಿಕಿತ್ಸಾಲಯ ತೆರೆದಳು. ದೀಪ ಹಚ್ಚಲು ಹಳಬರು ಯಾರಾದರೂ ಬೇಕಲ್ಲ, ನನ್ನನ್ನು ಕರೆದಿದ್ದಳು. ದೀಪ ಹಚ್ಚಿ, ಕೇಸರಿಬಾತು ತಿಂದಾದ ಮೇಲೆ ತನ್ನ ಹೊಸ ಲೇಸರ್ ಯಂತ್ರವನ್ನು ತೋರಿಸಿದಳು. ಪೆನ್ನಿನ ಗಾತ್ರದ ಕೋಲು, ಅದರ ತುದಿಯಲ್ಲಿ ಕೆಂಪು ಚುಕ್ಕೆ. ನನ್ನ ಮಂಡಿಯ ಮೇಲೆಯೇ ಹಿಡಿದಳು. ಬಿಸಿಯಿಲ್ಲ, ಚುರುಗುಟ್ಟಲಿಲ್ಲ, ಏನೆಂದರೆ ಏನೂ ಇಲ್ಲ.

"ಇದು ಕಾಯೋದಿಲ್ಲ ಮೇಡಂ, ಅದೇ ಇದರ ವಿಶೇಷ. ಆದರೆ ನಮ್ಮ ಜನ ಒಪ್ಪೋದಿಲ್ಲ. ಬರೀ ಟಾರ್ಚು ಬಿಟ್ಟು ಕಳಿಸ್ತೀರಲ್ಲ ಅಂತಾರೆ. ನಿಮ್ಮ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ ಅಲ್ವಾ?" ಎಂದಳು.

ನಮ್ಮ ಕಾಲದ ಕಷ್ಟ ತಿರುವುಮುರುವಾಗಿತ್ತು. ನಮ್ಮ ದೀಪ ಚೆನ್ನಾಗಿಯೇ ಕಾಯುತ್ತಿತ್ತು, ಜನ ಇನ್ನೂ ಕಾಯಲಿ ಅನ್ನುತ್ತಿದ್ದರು. ಅದನ್ನೇ ಬರೆದುಕೊಡಿ ಎಂದು ಆ ಹುಡುಗಿ ಹಟ ಹಿಡಿದಳು. ಬರೆಯುತ್ತಿದ್ದೇನೆ. ಯಾವಾಗ ಕಾಯಂ ಆಯಿತು, ಯಾವಾಗ ಮುಖ್ಯಸ್ಥೆಯಾದೆ ಎನ್ನುವುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿದರೆ ನನಗೇ ಆಕಳಿಕೆ ಬರುತ್ತದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಫಿಸಿಯೋಥೆರಪಿ ಕಲಿತು ಮಂಡ್ಯಕ್ಕೆ ವಾಪಸಾದೆ. ನಮ್ಮಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗಳು ದೊಡ್ಡ ಓದು ಓದಿದ್ದಾಳೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದರೇ ಹೊರತು ಏನು ಓದಿದ್ದಾಳೆ ಎಂದು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಬಿಡಿಸಿ ಹೇಳಿದ್ದು ನಮ್ಮಮ್ಮ. "ಕಂಡೋರ ಮನೆ ಗಂಡಸರ ಕಾಲು ನೀವೋದನ್ನ ಕಲಿಯಕ್ಕೆ ಬೊಂಬಾಯಿತನಕ ಹೋಗಿದ್ಲು," ಎಂದು ಪಕ್ಕದ ಮನೆಯವರ ಮುಂದೆ ಕಣ್ಣೊರೆಸಿಕೊಂಡಳಂತೆ. ನಾನು ಕೆಲಸದಿಂದ ಬಂದರೆ ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಬೇಕು, ತಲೆಗೆ ನೀರು ಬಿದ್ದ ಮೇಲೆಯೇ ಅಡುಗೆಮನೆ. ನನಗೆ ಅದರಿಂದ ಸಿಟ್ಟೇನೂ ಬರಲಿಲ್ಲ. ದಿನವಿಡೀ ದೀಪದ ಪಕ್ಕ ನಿಂತು ಬೆವರುವವಳಿಗೆ ಸಂಜೆ ಬಿಸಿನೀರು ಕಾದಿರುತ್ತಿತ್ತಲ್ಲ, ಅಷ್ಟು ಸಾಕಿತ್ತು.

ಕೆಲಸ ಸಿಕ್ಕಿದ್ದು ಒಂದು ಧರ್ಮಸಂಸ್ಥೆಯವರ ಸಣ್ಣ ಆಸ್ಪತ್ರೆಯಲ್ಲಿ. ವಾರಕ್ಕೊಂದು ದಿನ ಮದ್ದೂರು, ಒಂದು ದಿನ ಮಳವಳ್ಳಿ, ಉಳಿದ ದಿನ ಮಂಡ್ಯ. ನನ್ನ ಕೋಣೆಯ ಮೇಲೆ 'ಭೌತಚಿಕಿತ್ಸಾ ವಿಭಾಗ' ಎಂದು ಬೋರ್ಡು ಬರೆಸಿದ್ದರು. ಅದನ್ನು ಓದಿ ಬಂದವರು ಯಾರೂ ಇಲ್ಲ. ಜನ ಇಟ್ಟ ಹೆಸರು 'ಕರೆಂಟ್ ರೂಮು', ಅಲ್ಲಿದ್ದ ನಾನು 'ಕರೆಂಟಮ್ಮ'. ರೈತರೊಬ್ಬರಂತೂ ಬಂದವರೇ ಕುರ್ಚಿ ಎಳೆದುಕೊಂಡು ಕೂತು, "ವಾರದಿಂದ ನಮ್ ಪಂಪ್‌ಸೆಟ್ಟಿಗೆ ಕರೆಂಟೇ ಇಲ್ವಲ್ಲಮ್ಮ, ಯಾರ್ನ ಕೇಳನ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅವರಿಗೆ ಸಮಾಧಾನ ಹೇಳಿ, ಹೇಗೂ ಬಂದಿದ್ದೀರಲ್ಲ ಎಂದು ಅವರ ಸೊಂಟವನ್ನೂ ನೋಡಿ ಕಳಿಸಿದೆ.

ಕೋಣೆಯಲ್ಲಿ ನಿಜವಾದ ಕರೆಂಟು ಕೊಡುವ ಪೆಟ್ಟಿಗೆಯೂ ಒಂದಿತ್ತು, ಆದರೆ ಹೆಚ್ಚು ದುಡಿದದ್ದು ಕೆಂಪು ದೀಪ. ಉದ್ದನೆಯ ಕಂಬಿಗೆ ಸಿಕ್ಕಿಸಿದ ದೊಡ್ಡ ತಟ್ಟೆ, ಅದರೊಳಗೆ ಕೆಂಪಗೆ ಉರಿಯುವ ಬಲ್ಬು. ನೋವಿರುವ ಜಾಗದಿಂದ ಒಂದೂವರೆ ಮೊಳ ದೂರದಲ್ಲಿ ನಿಲ್ಲಿಸಿದರೆ ಬಿಸಿ ನಿಧಾನವಾಗಿ ಒಳಗಿಳಿದು ಬಿಗಿದ ಸ್ನಾಯು ಸಡಿಲವಾಗುತ್ತದೆ. ಮಳವಳ್ಳಿಗೆ ಹೋಗುವಾಗ ಅದರ ತಲೆಯನ್ನು ಬಿಚ್ಚಿ, ಹಳೆಯ ಜಮಖಾನದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಅಲ್ಲಿ ರೇಷ್ಮೆಹುಳು ಸಾಕುವ ಒಬ್ಬರು ಆ ದೀಪದ ಕೆಳಗೆ ಬೆನ್ನು ಕೊಟ್ಟು ಮಲಗಿದ್ದವರು ಎದ್ದು ಕೂತು ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ, "ನನ್ ಬೆನ್ನು ಇರ್ಲಿ ಬುಡಮ್ಮ. ಚಳಿಗೆ ಉಳ ಮ್ಯಾಲಕ್ಕೇ ಏಳ್ತಿಲ್ಲ. ಇದ್ನ ಎಲ್ಡು ದಿನ ನಮ್ ಉಳಿನ ಮನೇಲಿ ಇಡಕಾಯ್ತದಾ?" ಎಂದು ಕೇಳಿದರು. ಕೊಡಲಿಲ್ಲ. ಕೊಟ್ಟಿದ್ದರೆ ಹುಳು ಗೂಡು ಚೆನ್ನಾಗಿ ಕಟ್ಟುತ್ತಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಬಿಸಿ ಎಷ್ಟಿರಬೇಕು ಎನ್ನುವುದು ನಮ್ಮ ವೃತ್ತಿಯ ಮುಖ್ಯ ಪ್ರಶ್ನೆ. ಪುಸ್ತಕ 'ಹಿತವಾದ ಬಿಸಿ' ಎನ್ನುತ್ತದೆ. ಅದನ್ನು ನಂಬಿ ನಾನು ಮೊದಲ ಕೆಲವು ತಿಂಗಳು ಎಲ್ಲರನ್ನೂ "ಹಿತವಾಗಿದೆಯೇ?" ಎಂದು ಕೇಳುತ್ತಿದ್ದೆ. ಕೆಲವರು "ನಿಮ್ ಇಷ್ಟ" ಅನ್ನುತ್ತಿದ್ದರು, ಕೆಲವರು ಸುಮ್ಮನೆ ತಲೆಯಾಡಿಸುತ್ತಿದ್ದರು. ಹನಕೆರೆಯ ಕೆಂಪಮ್ಮ ಎಂಬ ಅಜ್ಜಿ ರೈಲಿನಲ್ಲಿ ಬಂದು ಸೊಂಟಕ್ಕೆ ದೀಪ ಇಡಿಸಿಕೊಳ್ಳುತ್ತಿದ್ದರು. ಒಂದು ದಿನ ನಾನು ದೀಪವನ್ನು ಸ್ವಲ್ಪ ಹತ್ತಿರ ತಂದು ಕೇಳಿದೆ. "ಇರ್ಲಿ ಬುಡು" ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ. "ಇರ್ಲಿ ಬುಡು ಮಗ" ಎಂದರು. ಅವರ ಕಿವಿಯ ಹಿಂದೆ ಬೆವರು ಇಳಿಯುವುದನ್ನು ನೋಡಿ ಬೆನ್ನಿನ ಬಟ್ಟೆ ಸರಿಸಿದರೆ ಚರ್ಮ ದಾಸವಾಳದ ಬಣ್ಣಕ್ಕೆ ತಿರುಗಿತ್ತು.

"ಸುಡ್ತಿದ್ರೆ ಹೇಳಬಾರದೇನಜ್ಜಿ?" ಎಂದು ಗದರಿದೆ, ಒದ್ದೆ ಬಟ್ಟೆ ಹಾಕುತ್ತ.

"ಬಾಣಂತಿ ನೀರು ಇದ್ದಂಗೆ ಅಂದ್ಕಂಡೆ ಕಣ್ ಮಗ. ಸುಟ್ರೆ ತಾನೆ ಸೊಂಟ ಗಟ್ಟಿಯಾಗೋದು? ಅಯ್ಯೋ ಅಂದ್ರೆ ನಮ್ಮತ್ತೆ ಇನ್ನೊಂದು ಚೆಂಬು ಉಯ್ತಿದ್ಲು."

ಬೊಂಬಾಯಿಯ ಪ್ರೊಫೆಸರುಗಳು ಕಲಿಸದ ಪಾಠ ಅದು. ಈ ಸೀಮೆಯಲ್ಲಿ ಬಿಸಿಗೆ ಎರಡು ಅಳತೆ. ಬಾಣಂತಿಗೆ ಎರೆಯುವ ನೀರು ಒಂದು, ಅದನ್ನು ಹಲ್ಲು ಕಚ್ಚಿ ತಡೆದುಕೊಳ್ಳಬೇಕು. ಕೂಸಿಗೆ ಎರೆಯುವ ನೀರು ಇನ್ನೊಂದು, ಅದನ್ನು ಮೊಣಕೈ ಅದ್ದಿ ನೋಡಿಯೇ ಹುಯ್ಯುತ್ತಾರೆ. ಅವತ್ತಿನಿಂದ ನಾನು "ಹಿತವಾಗಿದೆಯೇ" ಎನ್ನುವುದನ್ನು ಬಿಟ್ಟೆ. "ಇದು ಬಾಣಂತಿ ನೀರಲ್ಲ, ಕೂಸಿನ ನೀರು. ಅದಕ್ಕಿಂತ ಹೆಚ್ಚಾದರೆ ಕೂಗಬೇಕು," ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಮೀಸೆ ಹೊತ್ತ ಗಂಡಸರೂ ನಗುತ್ತ, "ಕೂಸಿನ ನೀರಿಗಿಂತ ವಸಿ ಜಾಸ್ತಿ ಆಯ್ತು ಕಣಮ್ಮ," ಎನ್ನುವುದನ್ನು ಕಲಿತರು. ಆಮೇಲೆ ನನ್ನ ದೀಪದ ಕೆಳಗೆ ಯಾರ ಚರ್ಮವೂ ಕೆಂಪೇರಲಿಲ್ಲ. ಇದನ್ನು ಜಂಬದಿಂದಲೇ ಹೇಳುತ್ತೇನೆ.

ನಮ್ಮ ಮೂಳೆ ಡಾಕ್ಟರ ವಿಷಯ ಹೇಳಬೇಕು. ಹೆಸರು ಬೇಡ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಮೂಗಿನ ತುದಿಯಲ್ಲಿ ಕೋಪ ಅನ್ನುತ್ತಾರಲ್ಲ, ಇವರಿಗೆ ಅದು ಮೂಗಿನ ತುದಿಗಿಂತಲೂ ಒಂದಂಗುಲ ಮುಂದಿತ್ತು. ದೀಪ ಹಚ್ಚುವ ಮೊದಲು ಪ್ರತಿಯೊಬ್ಬರ ಚರ್ಮವನ್ನೂ ಪರೀಕ್ಷೆ ಮಾಡಬೇಕು ಎನ್ನುವುದು ಅವರ ಶಾಸನ. ಎರಡು ಗಾಜಿನ ನಳಿಗೆ, ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ರೋಗಿಯ ಕಣ್ಣು ಮುಚ್ಚಿಸಿ, ಒಂದೊಂದನ್ನೇ ಮುಟ್ಟಿಸಿ, "ಬಿಸಿಯೋ, ತಣ್ಣಗೋ?" ಎಂದು ಕೇಳಬೇಕು. ಬಿಸಿ ತಿಳಿಯದ ಚರ್ಮಕ್ಕೆ ದೀಪ ಇಟ್ಟರೆ ಸುಟ್ಟದ್ದೂ ತಿಳಿಯುವುದಿಲ್ಲ, ಅದಕ್ಕೆ.

ಇದು ಎಲ್ಲ ಪುಸ್ತಕದಲ್ಲೂ ಇದೆ. ಅವರು ತಮ್ಮದೇ ಒಂದು ಬಾಲಂಗೋಚಿ ಸೇರಿಸಿದ್ದರು. "ನಡುವೆ ಒಂದು ಸಲ ಏನನ್ನೂ ಮುಟ್ಟಿಸದೆ ಕೇಳಬೇಕು ವನಜಾಕ್ಷಿ."

"ಮುಟ್ಟಿಸದೆ ಕೇಳಿದರೆ ಅವರೇನು ಹೇಳ್ತಾರೆ ಸಾರ್?"

"ಅದನ್ನ ತಿಳ್ಕೊಳ್ಳೋಕೇ ಕೇಳು ಅಂದದ್ದು."

ಇದು ಹಳ್ಳಿಯವರನ್ನು ಗೇಲಿ ಮಾಡಿದಂತೆ ಎಂದು ನನಗೆ ಅನ್ನಿಸುತ್ತಿತ್ತು. ಕೇಳಿದವರೆಲ್ಲ ಕಣ್ಣು ಬಿಟ್ಟು, "ಎಲ್ ಮುಟ್ಟಿದ್ರಿ?" ಎಂದು ನನ್ನ ಮುಖವನ್ನೇ ನೋಡುತ್ತಿದ್ದರು. ಆದರೂ ಕೇಳುತ್ತಿದ್ದೆ. ಅವರ ಕೋಪಕ್ಕೆ ಹೆದರಿ ಅಲ್ಲ, ಹೇಳಿದ ಕೆಲಸವನ್ನು ಪೂರ್ತಿ ಮಾಡುವುದು ನನ್ನ ಸ್ವಭಾವ.

ಮದ್ದೂರಿನ ದಿನ ಒಮ್ಮೆ ನಿಂಗೇಗೌಡರು ಬಂದರು, ಚಿಕ್ಕರಸಿನಕೆರೆಯ ಕಡೆಯವರು. ಜೊತೆಗೆ ಹೆಂಡತಿ ಸಾಕಮ್ಮ. ನಲವತ್ತರ ಆಸುಪಾಸಿನ ಆಳು, ಕಂಬದ ಹಾಗೆ ನಿಲುವು. ಬಲ ಮೊಣಕೈಯ ಒಳಬದಿಯಿಂದ ಬೆರಳಿನ ತನಕ ಸೆಳೆತ, ನಿದ್ದೆಯಿಲ್ಲ. ಚೀಟಿಯಲ್ಲಿ ಅಲ್ಲಿನ ಡಾಕ್ಟರು 'ಮೊಣಕೈಗೆ ಶಾಖ' ಎಂದು ಬರೆದಿದ್ದರು. ಕಾದು ಕೂತಿದ್ದವರೆಲ್ಲ ಗೌಡರಿಗೆ ಜಾಗ ಬಿಟ್ಟುಕೊಟ್ಟದ್ದನ್ನು ನೋಡಿ ಇವರು ಯಾರೋ ದೊಡ್ಡವರಿರಬೇಕು ಅಂದುಕೊಂಡೆ. ಪಟೇಲರೋ ಎಂದು ಕೇಳಿದೆ.

"ಪಟೇಲ್ರ್ ಕೈಲಿ ಆಯ್ತದಾ ಇವ್ರು ಮಾಡದು?" ಎಂದರು ಪಕ್ಕದಲ್ಲಿದ್ದವರೊಬ್ಬರು. "ಆಲೆಮನೇಲಿ ಪಾಕ ನೋಡೋರು ಕಣಮ್ಮ. ಕುದಿಯೋ ಕೊಪ್ಪರಿಗೆಗೆ ಒಣಗೈ ಅದ್ದಿ ಪಾಕ ಎತ್ತಾರೆ. ಕಣ್ಣಾರೆ ಕಂಡಿವ್ನಿ."

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು ಬೆಲ್ಲವಾಗುವ ಹದವನ್ನು ಒಬ್ಬನು ನೋಡಬೇಕು. ಹದಕ್ಕೆ ಮೊದಲೇ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗದೆ ಅಂಟಾಗಿ ಉಳಿಯುತ್ತದೆ, ತಡವಾದರೆ ಸೀದು ಕಪ್ಪಾಗುತ್ತದೆ. ಪಾಕ ನೋಡುವವರು ಬೆರಳನ್ನು ತಣ್ಣೀರಲ್ಲಿ ಅದ್ದಿ, ಸೌಟಿನಿಂದ ಚೂರು ಪಾಕ ತೆಗೆದು, ಉಂಡೆ ಕಟ್ಟಿ ನೋಡುತ್ತಾರೆ. ನಿಂಗೇಗೌಡರು ಹಿಂದಿನ ಆಲೆ ಕಾಲದಿಂದ ನೀರನ್ನೂ ಮುಟ್ಟುತ್ತಿರಲಿಲ್ಲ, ಸೌಟನ್ನೂ ಮುಟ್ಟುತ್ತಿರಲಿಲ್ಲ. ನೇರವಾಗಿ ಕುದಿಯುವ ಕೊಪ್ಪರಿಗೆಗೇ ಬೆರಳು. ಮೈಮೇಲೆ ದೇವರು ಬಂದಿದೆ ಎಂದು ಕೆಲವರು ಕೈ ಮುಗಿಯುತ್ತಿದ್ದರಂತೆ. ಅಕ್ಕಪಕ್ಕದ ಊರಿನ ಆಲೆಮನೆಗಳು ಅವರಿಗೆ ವೀಳ್ಯ ಕೊಟ್ಟು ಕರೆಯುತ್ತಿದ್ದವು.

ನಾನು ನಳಿಗೆಗಳನ್ನು ತೆಗೆದುಕೊಂಡೆ. ಗೌಡರು ನಗುತ್ತಲೇ ಕಣ್ಣು ಮುಚ್ಚಿದರು. ಮೊಣಕೈಯ ಮೇಲೆ ಸರಿಯಾಗಿ ಹೇಳಿದರು. ಮುಂಗೈಗೆ ಇಳಿದೆ. ಬಿಸಿ ನಳಿಗೆಯನ್ನು ಅಂಗೈಗೆ ಮುಟ್ಟಿಸಿದೆ.

"ತಣ್ಣಗೆ," ಎಂದರು.

ಬೆರಳಿಗೆ ಮುಟ್ಟಿಸಿದೆ.

"ತಣ್ಣಗದೆ. ಇದ್ಯಾವ ಬಿಸಿಯಮ್ಮ? ನಮ್ ಕೊಪ್ಪರಿಗೆ ಮುಂದೆ ನಿಮ್ ನೀರೆಲ್ಲ ತಣ್ಣೀರೇ ಕಣಮ್ಮ."

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ದುಡಿದು ದಡ್ಡು ಕಟ್ಟಿದ ಕೈ, ಇದ್ದರೂ ಇದ್ದೀತು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಡಾಕ್ಟರ ಬಾಲಂಗೋಚಿ ನೆನಪಾಯಿತು. ಎರಡೂ ನಳಿಗೆಗಳನ್ನು ಮೇಜಿನ ಮೇಲೆ ಇಟ್ಟು, ಕೈ ಕಟ್ಟಿ ನಿಂತು, "ಇದು ಬಿಸಿಯೋ, ತಣ್ಣಗೋ?" ಎಂದೆ.

"ತಣ್ಣಗೆ," ಎಂದರು ಗೌಡರು, ಅದೇ ಧೈರ್ಯದಿಂದ.

ನಗು ನಿಂತಿತು. ಗೌಡರಿಗೆ ಯಾಕೆ ನಿಂತಿತೆಂದು ತಿಳಿಯಲಿಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದರು. ಸಾಕಮ್ಮ ನೋಡಿದ್ದಳು. ಅವಳು ನನ್ನ ಕಡೆಗೆ ನೋಡಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಈ ಕೈಯ ಮೇಲೆ ದೀಪ ಇಡುವುದಿರಲಿ, ಬಿಸಿ ಬಟ್ಟೆಯನ್ನೂ ಇಡುವ ಹಾಗಿರಲಿಲ್ಲ.

ಉಳಿದವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಕೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಿರುಬೆರಳು ಉಂಗುರದ ಬೆರಳು ಸ್ವಲ್ಪ ಮಡಚಿಕೊಂಡಿದ್ದವು. ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆ, ಒಂದು ಕಡೆ ಇನ್ನೂ ಹಸಿಯಾಗಿತ್ತು. ಮುಂಗೈ ಮೇಲೆ ರೂಪಾಯಿ ಅಗಲದ ಮಾಸಲು ಮಚ್ಚೆ. ಮೊಣಕೈಯ ಹಿಂದೆ ಕೈಯಾಡಿಸಿದರೆ ನರ ಹಗ್ಗದಷ್ಟು ದಪ್ಪವಾಗಿ ಬೆರಳಿಗೆ ಸಿಕ್ಕಿತು, ಮುಟ್ಟಿದ್ದಕ್ಕೆ ಗೌಡರು ಹಲ್ಲು ಕಚ್ಚಿದರು. ನೋಡಿದವರಿಗೆ ತಿಳಿಯುತ್ತದೆ. ಆದರೂ ರೋಗದ ಹೆಸರು ಹೇಳುವುದು ನನ್ನ ಕೆಲಸವಲ್ಲ. ಮರುದಿನ ಮಂಡ್ಯಕ್ಕೆ ಬನ್ನಿ, ದೊಡ್ಡ ಡಾಕ್ಟರು ನೋಡಬೇಕು ಎಂದೆ.

"ಇವತ್ತು ಕರೆಂಟು ಕೊಡಲ್ವಾ?" ಎಂದರು ಗೌಡರು.

"ಈ ಕೈಗೆ ಕೊಡೋ ಹಾಗಿಲ್ಲ."

"ಇಷ್ಟು ದೂರ ಬಂದಿವ್ನಿ, ಬಿಲ್‌ಕುಲ್ ಇಲ್ಲ ಅಂದ್ರೆ ಎಂಗಮ್ಮ?"

"ಹಂಗೇ," ಎಂದೆ. ಆ ಒಂದು ವಿಷಯದಲ್ಲಿ ನಾನು ಯಾರಿಗೂ ಬಗ್ಗಿದವಳಲ್ಲ.

ಮಂಡ್ಯದಲ್ಲಿ ನಮ್ಮ ಡಾಕ್ಟರು ಅವರ ಕೈಯನ್ನು ಬಹಳ ಹೊತ್ತು ನೋಡಿದರು. ಕೋಪಿಷ್ಠ ಮನುಷ್ಯ ಅವತ್ತು ಸ್ಟೂಲು ಎಳೆದುಕೊಂಡು ಗೌಡರ ಮಂಡಿಗೆ ಮಂಡಿ ತಾಗುವಂತೆ ಕೂತರು. ಕುಷ್ಠ ಎಂಬ ಮಾತನ್ನು ನೇರವಾಗಿಯೇ ಹೇಳಿದರು. ಈಗ ಇದಕ್ಕೆ ಮಾತ್ರೆ ಇದೆ, ಬಿಡದೆ ನುಂಗಿದರೆ ಬೇರೆಯವರಿಗೆ ಅಂಟುವುದಿಲ್ಲ, ನರದ ಊತ ಇಳಿಸಲೂ ಮಾತ್ರೆ ಇದೆ, ಬೇಗ ಬಂದಿದ್ದೀರಿ, ಕೈ ಉಳಿಯುತ್ತದೆ. "ಆದರೆ ಇನ್ನೊಂದು ಸಲ ಕೊಪ್ಪರಿಗೆಗೆ ಅದ್ದಿದಿರೋ, ಬೆರಳನ್ನ ನಾನೇ ಕತ್ತರಿಸಬೇಕಾಗುತ್ತೆ," ಎಂದರು.

ಗೌಡರು ಕೈಯನ್ನು ಹೆಗಲ ವಸ್ತ್ರದಲ್ಲಿ ಮುಚ್ಚಿಕೊಂಡರು. ಸಾಕಮ್ಮನೇ ಮಾತಾಡಿದಳು. "ನಂಗೆ ಗೊತ್ತಿತ್ತು ಬುದ್ಧಿ. ಒಲೆ ಮ್ಯಾಲಿನ ಮುದ್ದೆ ಪಾತ್ರೆನ ಬರೀ ಕೈಲಿ ಎತ್ತಿಟ್ರು. ಕೈ ಸುಟ್ಟ ವಾಸ್ನೆ ನಂಗ್ ಬಂತು, ಇವ್ರಿಗೆ ಸುಟ್ಟಿದ್ದೇ ಗೊತ್ತಾಗ್ನಿಲ್ಲ. ದೇವ್ರು ಬಂದದೆ ಅಂತ ಊರೋರು ಕೈ ಮುಗೀವಾಗ ನಾನು ಏನಂತ ಏಳ್ಲಿ?"

ಅವರನ್ನು ಕರೆದುಕೊಂಡು ನನ್ನ ಕೋಣೆಗೆ ಬಂದೆ. ಮೊಣಕೈಗೆ ಪ್ಲಾಸ್ಟರಿನ ಪಟ್ಟಿ ಕಟ್ಟಬೇಕಿತ್ತು, ಬೆರಳುಗಳ ವ್ಯಾಯಾಮ ಹೇಳಿಕೊಡಬೇಕಿತ್ತು. ಪಟ್ಟಿ ಕಟ್ಟುತ್ತಿರುವಾಗ ಗೌಡರು ಹೇಳಿದರು.

"ಸಂಕ್ರಾಂತಿ ಕಳೀತಿದ್ದಂಗೆ ಆಲೆ ಹೂಡ್ತಾರೆ ಕಣಮ್ಮ. ನಾನು ಕೈ ಅದ್ದಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಮಾರೋಗ ಅಂತ ಗೊತ್ತಾದ್ರೆ ನಾನ್ ಇಳಿಸಿದ ಬೆಲ್ಲವ ನಾಯಿನೂ ಮೂಸಲ್ಲ. ಕೈ ಓದ್ರೆ ಓಗ್ಲಿ, ನಾನು ಅದ್ದೋನೇ."

ಅವರು ಹೆದರಿಸಲು ಹೇಳಿದ್ದಲ್ಲ, ಲೆಕ್ಕ ಹಾಕಿಯೇ ಹೇಳಿದ್ದು. ಬೆರಳು ಹೋದರೂ ಪಾಕದ ನಿಂಗೇಗೌಡನಾಗಿಯೇ ಇರಬೇಕು, ಬೆರಳು ಉಳಿಸಿಕೊಂಡು ಊರಾಚೆ ಕೂರುವುದು ಬೇಡ. ಸಾಕಮ್ಮ ಅಳತೊಡಗಿದಳು. ಆದರೆ ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ.

"ಗೌಡ್ರೇ, ಒಂದು ಕೇಳ್ತೀನಿ. ಒಂದು ವರ್ಷದಿಂದ ನಿಮ್ಮ ಬೆರಳಿಗೆ ಬಿಸಿ ತಿಳಿಯೋದಿಲ್ಲ, ಮುಟ್ಟಿದ್ದೂ ತಿಳಿಯೋದಿಲ್ಲ. ಉಂಡೆ ಕಟ್ಟಿದರೆ ಮೆತ್ತಗಿದೆಯೋ ಗಟ್ಟಿಯಾಯ್ತೋ ಅಂತಲೂ ತಿಳಿದಿರೋದಿಲ್ಲ. ಹಾಗಿದ್ದ ಮೇಲೆ ಪಾಕ ಬಂತು ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

ಗೌಡರು ಹುಬ್ಬು ಗಂಟಿಕ್ಕಿ ತಮ್ಮ ಕೈಯನ್ನೇ ನೋಡಿಕೊಂಡರು. "ಗುಳ್ಳೆ ಸಣ್ಣಗಾಯ್ತದೆ," ಎಂದರು ನಿಧಾನವಾಗಿ. "ಕುದಿಯೋ ಸದ್ದು ಬ್ಯಾರೆ ಆಯ್ತದೆ, ಗಂಟಲು ಕಟ್ಟಿದಂಗೆ. ಕಲಕೋರು ಸೌಟ್ ಎತ್ತಿದ್ರೆ ಎಳೆ ಮುರಿಯಲ್ಲ. ಆಗ ಅದ್ತೀನಿ."

"ಅಂದರೆ ಪಾಕ ಬಂದದ್ದು ಗೊತ್ತಾದ ಮೇಲೆ ಅದ್ತೀರಿ. ಮತ್ತೆ ಅದ್ದೋದು ಯಾಕೆ?"

"ಜನ ನೋಡ್ತಾರಲ್ಲಮ್ಮ."

ನನಗೆ ಬೇಕಾದ್ದು ಸಿಕ್ಕಿತ್ತು. ಈ ಮನುಷ್ಯನ ಹೆಸರು ಇರುವುದು ಬೆರಳಿನಲ್ಲಿ ಅಲ್ಲ. ಇನ್ನು ಜನರ ಬಾಯಿ ಮುಚ್ಚಿಸುವುದೊಂದು ಉಳಿದಿತ್ತು, ಅದಕ್ಕೆ ನನ್ನ ಹೆಸರೇ ಸಾಕು.

"ಯಾರಾದ್ರೂ ಕೇಳಿದ್ರೆ, ಮಂಡ್ಯದ ಕರೆಂಟಮ್ಮ ಈ ಕೈಗೆ ಕರೆಂಟು ಕೊಟ್ಟವಳೆ ಅನ್ನಿ. ಕರೆಂಟು ಕೊಟ್ಟ ಕೈಯನ್ನ ಪಾಕಕ್ಕೆ ಅದ್ದಿದರೆ ಬೆಲ್ಲ ಅಚ್ಚು ಕಟ್ಟೋದಿಲ್ಲ ಅನ್ನಿ."

ಸಾಕಮ್ಮ ಅಳು ನಿಲ್ಲಿಸಿದಳು. "ನಿಜ್ವಾಗ್ಲೂ ಕಟ್ಟಲ್ವಾ?"

"ನಿಮ್ಮೂರಲ್ಲಿ ಯಾರಾದ್ರೂ ಪರೀಕ್ಷೆ ಮಾಡಿ ನೋಡಿದಾರಾ?"

ಮೂವರೂ ನಕ್ಕೆವು. ಸಂಜೆ ಡಾಕ್ಟರಿಗೆ ವರದಿ ಒಪ್ಪಿಸಿದಾಗ ಅವರು ಕನ್ನಡಕ ತೆಗೆದು, "ಇದು ಯಾವ ಪುಸ್ತಕದಲ್ಲಿದೆ ವನಜಾಕ್ಷಿ?" ಎಂದರು. "ಮದ್ದೂರು ತಾಲ್ಲೂಕಿನ ಪುಸ್ತಕದಲ್ಲಿ ಸಾರ್," ಎಂದೆ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಲೆ ಹೂಡಿದ ಮೇಲೆ, ಒಂದು ಮದ್ದೂರಿನ ದಿನ, ಕೆಲಸ ಬೇಗ ಮುಗಿಸಿ ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ. ಗೌಡರು ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ನೋಡಲೇಬೇಕಿತ್ತು. ಆಲೆಮನೆ ಊರಿಗಿಂತ ಮೊದಲೇ ಮೂಗಿಗೆ ಸಿಕ್ಕಿತು. ಚಪ್ಪರದ ಕೆಳಗೆ ಹತ್ತಾರು ಜನ, ಒಲೆಗೆ ಕಬ್ಬಿನ ಸಿಪ್ಪೆ ತುರುಕುವವನು ಒಬ್ಬ, ಕೊಪ್ಪರಿಗೆಯ ಪಕ್ಕ ನಿಂಗೇಗೌಡರು. ಬಲ ಮೊಣಕೈಗೆ ಪಟ್ಟಿ, ಕೈಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಸಾಕಮ್ಮ ಸ್ವಲ್ಪ ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು, ಅವತ್ತಿನ ಹಾಗೆಯೇ.

ಜನ ಬಂದದ್ದು ಬೆಲ್ಲಕ್ಕಲ್ಲ, ಆ ಕೈಯನ್ನು ನೋಡಲು. ಪಾಕ ಉಕ್ಕಿ ಇಳಿದು, ಬಣ್ಣ ತಿರುಗಿತು. ಗೌಡರು ಎಡಗೈಯಲ್ಲಿ ಸೌಟು ಹಿಡಿದು ಎತ್ತಿ ನೋಡಿದರು, ಎಳೆ ಮುರಿಯಿತು. ಮತ್ತೆ ಕುದಿಯಲು ಬಿಟ್ಟು ಕಿವಿ ವಾಲಿಸಿ ನಿಂತರು.

"ಅದ್ದಲಾ ನಿಂಗ," ಎಂದ ಅವರ ವಾರಗೆಯವನೊಬ್ಬ. "ಏನ್ ನೋಡ್ತಾ ನಿಂತಿದ್ದೀಯೆ, ಸೀಯ್ತದೆ."

"ಕರೆಂಟು ಕೊಟ್ಟಿರೋ ಕೈ ಕಣ್ಲಾ. ಅದ್ದಂಗಿಲ್ಲ."

"ಕೈ ಅದ್ದದೆ ಪಾಕ ನೋಡಾಕೆ ನೀನೇ ಯಾಕ್ಲಾ ಬೇಕು? ನಮ್ಮೆಮ್ಮೆ ನೋಡ್ತದೆ."

ಗೌಡರ ಮುಖ ಕೆಂಪಾಯಿತು. ಬಲಗೈ ಎದೆಯಿಂದ ಸಡಿಲವಾಗಿ ಕೊಪ್ಪರಿಗೆಯ ಕಡೆಗೆ ಬಂದದ್ದನ್ನು ನಾನು ನೋಡಿದೆ. ಒಂದು ಸಲ ಅದ್ದಿಬಿಟ್ಟರೆ ಇವತ್ತಿನ ಮಾನ ಉಳಿಯುತ್ತದೆ, ಬೆರಳು ಹೋಗುತ್ತದೆ. ನಾನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಾಕಮ್ಮ ಕೂಗಿದಳು. "ಅಲ್ ನೋಡಿ, ಕರೆಂಟಮ್ಮನೇ ಬಂದವ್ರೆ. ಅವ್ರ ಮುಂದೆ ಅದ್ದಿ ಬೆಲ್ಲವೆಲ್ಲ ಕೆಟ್ಟೋದ್ರೆ ಈ ಯಜಮಾನ್ರಿಗೆ ನೀನ್ ಕಟ್ಕೊಡೀಯೇನಪ್ಪ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಸೊಂಟದ ಮೇಲೆ ಕೈ ಇಟ್ಟು, ಆಸ್ಪತ್ರೆಯಲ್ಲಿ ನಿಲ್ಲುವ ಹಾಗೆ ನಿಂತೆ. ಆಲೆಮನೆಯ ಯಜಮಾನರು ಗಾಬರಿಯಿಂದ, "ಬ್ಯಾಡ ಕಣೋ ನಿಂಗ, ಅದ್ದಬ್ಯಾಡ," ಎಂದರು. ಗೌಡರ ಕೈ ಮತ್ತೆ ಎದೆಗೆ ಹೋಯಿತು. ಅವರು ಕೊಪ್ಪರಿಗೆಯ ಮೇಲೆ ಬಗ್ಗಿ, ಯಾರನ್ನೂ ನೋಡದೆ, ಇನ್ನೂ ಸ್ವಲ್ಪ ಹೊತ್ತು ಸದ್ದು ಕೇಳಿದರು. ಆಮೇಲೆ, "ಇಳ್ಸಿ," ಎಂದರು.

ಇಳಿಸಿ, ತೊಟ್ಟಿಗೆ ಸುರಿದು, ತಿರುವಿ, ಅಚ್ಚಿಗೆ ತುಂಬಿದರು. ಆರುವ ತನಕ ಯಾರೂ ಅಲ್ಲಾಡಲಿಲ್ಲ, ನಾನೂ ಬಸ್ಸಿನ ಯೋಚನೆ ಮಾಡಲಿಲ್ಲ. ಕೊನೆಗೆ ಯಜಮಾನರು ಅಚ್ಚನ್ನು ಬೋರಲು ಹಾಕಿ ತಟ್ಟಿದರು. ಹೊಂಬಣ್ಣದ ಅಚ್ಚುಬೆಲ್ಲ ಮೂಲೆ ಮುರಿಯದೆ ಚಾಪೆಯ ಮೇಲೆ ಬಿದ್ದವು. ಎಮ್ಮೆಯ ಮಾತಾಡಿದವನೇ ಮೊದಲು ಒಂದನ್ನು ಎತ್ತಿ ಕಚ್ಚಿ, "ನನ್ ಮಗಂದು, ಕಣ್ಣಲ್ಲೇ ನೋಡ್ಬುಟ್ನಲ್ಲೋ," ಎಂದ. ಮುಂದೆ ಗೌಡರು ಒಣಗೈ ಅದ್ದುವ ಗೌಡ ಆಗಿ ಉಳಿಯಲಿಲ್ಲ, ಕಣ್ಣಲ್ಲೇ ಪಾಕ ನೋಡುವ ಗೌಡ ಎಂದಾಯಿತು, ವೀಳ್ಯ ಇನ್ನೂ ಹೆಚ್ಚಾಯಿತು.

ನನ್ನ ಸುಳ್ಳು ಮಾತ್ರ ನನ್ನನ್ನೇ ಅಟ್ಟಿಸಿಕೊಂಡು ಬಂತು. ಕೊಕ್ಕರೆ ಬೆಳ್ಳೂರಿನ ಒಬ್ಬಾಕೆ, ಮಂಡಿಗೆ ಕರೆಂಟು ಕೊಡಿಸಿದರೆ ಹಾಲು ಹೆಪ್ಪಾಗುತ್ತದೆಯೇ ಎಂದು ಕೇಳಿದಳು. ಇನ್ನೊಬ್ಬರು ಕರೆಂಟು ಕೊಟ್ಟ ಭುಜದಲ್ಲಿ ಬಿತ್ತನೆ ಮಾಡಬಹುದೇ ಎಂದರು. ಎಲ್ಲರಿಗೂ "ಧಾರಾಳವಾಗಿ, ಪಾಕಕ್ಕೆ ಮಾತ್ರ ಆಗದು," ಎಂದು ಗಂಭೀರವಾಗಿ ಉತ್ತರ ಕೊಟ್ಟೆ. ನಿಂಗೇಗೌಡರ ಕೈಗೆ ನಾನು ಒಂದು ದಿನವೂ ಕರೆಂಟು ಕೊಟ್ಟವಳಲ್ಲ, ದೀಪ ಹಿಡಿದವಳೂ ಅಲ್ಲ. ಆದರೂ ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ ಕರೆಂಟು ಇನ್ನೊಂದಿಲ್ಲ.

ಗೌಡರು ಬಿಡದೆ ಮಾತ್ರೆ ನುಂಗಿದರು. ಪ್ರತಿ ವಾರ ಮದ್ದೂರಿಗೆ ಬಂದು ಬೆರಳು ಬಿಡಿಸುವ ವ್ಯಾಯಾಮ ಮಾಡಿದರು. ದಿನಾ ಕೈಯನ್ನು ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಎಲ್ಲಿ ಗಾಯವಾಗಿದೆ ಎಂದು ಕಣ್ಣಿಂದ ಹುಡುಕುವುದನ್ನು ಸಾಕಮ್ಮನಿಗೆ ಕಲಿಸಿದ್ದೆ. ಕಿರುಬೆರಳು ಕೊನೆಯತನಕ ಪೂರ್ತಿ ನೆಟ್ಟಗಾಗಲಿಲ್ಲ, ಅದಕ್ಕೆ ಬಿಸಿಯೂ ತಿಳಿಯಲಿಲ್ಲ. ಅಂಗೈಯ ವಿಷಯ ಹೇಳಲಾಗದು ಎಂದು ಡಾಕ್ಟರು ಅಂದಿದ್ದರು. ನಾನು ಪ್ರತಿ ತಿಂಗಳೂ ನಳಿಗೆ ಹಿಡಿದು ಪರೀಕ್ಷೆ ಮಾಡುತ್ತಲೇ ಇದ್ದೆ. ಗೌಡರು ಈಗ ಜಂಬ ಬಿಟ್ಟು, "ಗೊತ್ತಾಗ್ನಿಲ್ಲ ಕಣಮ್ಮ," ಎನ್ನುವುದನ್ನು ಕಲಿತಿದ್ದರು. ಹೊಸದಾಗಿ ಈ ಕೆಲಸಕ್ಕೆ ಬರುವವರು ನೆನಪಿಡಬೇಕಾದ್ದು ಇಷ್ಟೇ. ನಿಮ್ಮ ಯಂತ್ರ ಬಿಸಿಯಾಗಲಿ ಆಗದಿರಲಿ, ನಿಮ್ಮ ಮುಂದೆ ಕೂತವರಿಗೆ 'ಗೊತ್ತಾಗಲಿಲ್ಲ' ಎನ್ನುವ ಧೈರ್ಯ ಬರುವ ಹಾಗೆ ನೀವು ಕೇಳಬೇಕು.

ಮುಂದಿನ ಆಲೆ ಕಾಲ ಶುರುವಾಗುವ ಮುಂಚೆ ಒಂದು ದಿನ ಗೌಡರು ಎಂದಿನಂತೆ ಬಂದು ಕಣ್ಣು ಮುಚ್ಚಿ ಕೈ ಚಾಚಿದರು. ಸಾಕಮ್ಮ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಬಿಸಿ ನಳಿಗೆ ಅಂಗೈಗೆ ಮುಟ್ಟಿಸಿದೆ. "ವಸಿ ಬೆಚ್ಚಗೆ ಅಂತ ಕಾಣ್ತದೆ," ಎಂದರು. ಅದೃಷ್ಟದ ಮಾತು ಇರಬಹುದು ಎಂದುಕೊಂಡು ತಣ್ಣೀರಿನದನ್ನು ಮುಟ್ಟಿಸಿದೆ. "ಇದು ತಣ್ಣಗೆ," ಎಂದರು. ಸಾಕಮ್ಮನ ಕೈಯಲ್ಲಿ ಕಡಲೆಕಾಯಿ ಹಾಗೆಯೇ ನಿಂತಿತು. ನಳಿಗೆಗಳೆರಡನ್ನೂ ಸದ್ದಾಗದಂತೆ ಮೇಜಿನ ಮೇಲೆ ಇಟ್ಟು ಕೇಳಿದೆ.

"ಬಿಸಿಯೋ, ತಣ್ಣಗೋ?"

ಗೌಡರು ಕಣ್ಣು ತೆರೆಯದೆಯೇ ಹೇಳಿದರು. "ಮೊದ್ಲು ಮುಟ್ಟಮ್ಮ. ಆಮೇಲೆ ಕೇಳೀಯಂತೆ."